ಗೇರ್ ಜಾರುತ್ತಿಲ್ಲ ಅಂದರೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿ, ಫ್ಲಶ್ ಬೇಡ

ಮೂರು ಲಕ್ಷ ಕಿಲೋಮೀಟರ್ ಓಡಿದ ಟ್ರಕ್ಕು, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಾಗಿಲ್ಲ, ಗೇರ್ ಮಾತ್ರ ಸರಿಯಾಗಿ ಬೀಳುತ್ತಿದೆ, ಈಗ ಕೈ ಹಾಕಬೇಕಾ ಅಂತ ಕೇಳಿದ್ದೀರಿ. ಹಾಕಿ. ಆದರೆ ಮೆಷಿನ್ ಹಚ್ಚಿ ಒತ್ತಡದಲ್ಲಿ ಹಳೆ ಆಯಿಲ್ ಎಲ್ಲವನ್ನೂ ತಳ್ಳಿ ತೆಗೆಯುವ ಫ್ಲಶ್ ಮಾಡಿಸಬೇಡಿ.

ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಸಾಯುತ್ತದೆ ಅನ್ನೋ ಮಾತು ನೀವೂ ಕೇಳಿರುತ್ತೀರಿ. ಹೆಚ್ಚಿನ ಸಲ ಆಗುವುದೇ ಬೇರೆ. ಕ್ಲಚ್ ಪ್ಲೇಟ್ ಸವೆದು ಗೇರ್ ಜಾರೋಕೆ, ಅಂದರೆ ಎಂಜಿನ್ ಜೋರಾದರೂ ಗಾಡಿ ಎಳೆಯದೆ ಇರೋಕೆ, ಶುರುವಾದ ಮೇಲೆ ಜನ ಆಯಿಲ್ ಬದಲಿಸುತ್ತಾರೆ, ಆ ಗೇರ್‌ಬಾಕ್ಸ್ ಹೇಗಿದ್ದರೂ ಕೆಡುವುದೇ ಇತ್ತು, ಬೈಗುಳ ಮಾತ್ರ ಪಾಪ ಹೊಸ ಆಯಿಲ್‌ಗೆ.

ಮೊದಲು ಪ್ಯಾನ್, ಅಂದರೆ ಗೇರ್‌ಬಾಕ್ಸ್ ತಳದಲ್ಲಿರುವ ಆಯಿಲ್ ತಟ್ಟೆ, ಬಿಚ್ಚಿಸಿ ನೋಡಿ. ಅದರೊಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಕೈಗೆ ಸಿಗುವಂಥ ಲೋಹದ ಚೂರು, ಜೊತೆಗೆ ಕಪ್ಪು ಆಯಿಲ್, ಸುಟ್ಟ ವಾಸನೆ ಇದ್ದರೆ ಸುಮ್ನೆ ಸರ್ವಿಸ್‌ಗೆ ದುಡ್ಡು ಸುರಿಯಬೇಡಿ, ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಸವೆದ ಭಾಗ ಬದಲಿಸುವ ರೀಬಿಲ್ಡ್‌ಗೆ ಎತ್ತಿಡಿ.

ಪ್ಯಾನ್ ಇಳಿಸಿದರೆ ಪೂರ್ತಿ ಆಯಿಲ್ ಬರುವುದಿಲ್ಲ, ದೊಡ್ಡ ಪಾಲು, ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲೇ ಉಳಿಯುತ್ತದೆ. ನಿಮ್ಮಂಥ ಗಾಡಿಗೆ ಅದೇ ಒಳ್ಳೆಯದು, ಬದಲಾವಣೆ ನಿಧಾನವಾಗಿ ಆಗುತ್ತದೆ. ಹೊಸ ಫಿಲ್ಟರ್, ಗ್ಯಾಸ್ಕೆಟ್ ಹಾಕಿ. ಹೊರಬಂದಷ್ಟನ್ನು ಅಳೆದು ತುಂಬಿಸಿ, ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಆಯಿಲ್ ಬದಲಿಸಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡೇ ಬೇಕು. ಎಲ್ಲ ಗಾಡಿಗೂ ಆಗುತ್ತೆ ಅನ್ನೋ ಡಬ್ಬಿಗಳ ಮೇಲೆ ನನಗೆ ನಂಬಿಕೆ ಇಲ್ಲ. ಲೆವೆಲ್ ಕೂಡ ಆಯಿಲ್ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಸಿಯಾದಾಗಲೇ ನೋಡಬೇಕು. ಟ್ರೈಲರ್ ಎಳೆಯುತ್ತೀರಾ? ಹಾಗಾದರೆ ಆಯಿಲ್ ತಣಿಸುವ ಕೂಲರ್‌ನ ಪೈಪ್ (ಕೂಲರ್ ಲೈನ್) ಕೂಡ ನೋಡಿಸಿ, ಈ ಆಯಿಲ್ ಹಾಳಾಗುವುದು ಜಾಸ್ತಿ ಬಿಸಿಯಿಂದಲೇ.