ಚೀಟಿ ಆಮೇಲೆ ಬರೆಯೋಣ, ಡಾಕ್ಟ್ರೇ

ಪತ್ರ: ಲೈಂಗಿಕ ಅಲ್ಪಸಂಖ್ಯಾತರು (ಟ್ರಾನ್ಸ್‌ಜೆಂಡರ್, ಸಲಿಂಗಿಗಳು ಮುಂತಾದವರು) ಮತ್ತು ಆಸ್ಪತ್ರೆ ಕುರಿತ ನಿಮ್ಮ ಲೇಖನ ಓದಿದೆ. ಕ್ಯಾಶುವಾಲ್ಟಿಯಲ್ಲಿ ನಾವು ರಕ್ತ ನೋಡುತ್ತೇವೆ, ಲಿಂಗವನ್ನಲ್ಲ. ನಮಗೆ ಎಲ್ಲರೂ ಒಂದೇ. ರಾತ್ರಿಗೆ ಒಬ್ಬನೇ ಡಾಕ್ಟರ್ ಇರುವ ಕಡೆ ಇವರಿಗೆಂದು ಪ್ರತ್ಯೇಕ ತರಬೇತಿ ಬೇಕೆ?
– ತಾಲ್ಲೂಕು ಆಸ್ಪತ್ರೆಯ ವೈದ್ಯರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಕಷ್ಟ ಒಪ್ಪಿದೆ ಡಾಕ್ಟ್ರೇ. ಹಾವು ಕಚ್ಚಿದವರು, ವಿಷ ಕುಡಿದವರು, ಬೈಕಿನಿಂದ ಬಿದ್ದವರು ಒಟ್ಟಿಗೇ ಬಂದ ರಾತ್ರಿ ಪತ್ರಿಕೆಯವರ ಉಪದೇಶ ಯಾರಿಗೆ ಬೇಕು? ಆದರೆ ನೀವು ಹೇಳಿದ್ದು ನಿಮ್ಮ ಮಟ್ಟಿಗೆ ನಿಜ, ಚೀಟಿ ಬರೆಯುವ ನಿಮ್ಮ ಕೌಂಟರಿನ ಮಟ್ಟಿಗೆ ಅಲ್ಲ.

1995ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಟೈರಾ ಹಂಟರ್ ಎಂಬ ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡೆನಿಸಿ, ಹೆಣ್ಣಾಗಿ ಬದುಕುವವರು) ಕಾರು ಅಪಘಾತಕ್ಕೆ ಸಿಕ್ಕರು. ಬಟ್ಟೆ ಕತ್ತರಿಸಿದ ತುರ್ತು ಸಿಬ್ಬಂದಿ ದೇಹ ಕಂಡದ್ದೇ ಆರೈಕೆ ನಿಲ್ಲಿಸಿ ಗೇಲಿ ಮಾಡಿದರೆಂದು ಅಲ್ಲಿದ್ದವರೇ ಸಾಕ್ಷಿ ನುಡಿದರು. ಟೈರಾ ಆಸ್ಪತ್ರೆಯಲ್ಲಿ ತೀರಿಕೊಂಡರು. ತಾಯಿ ಕೋರ್ಟಿಗೆ ಹೋಗಿ, 1998ರಲ್ಲಿ ಜ್ಯೂರಿ 28 ಲಕ್ಷ ಡಾಲರಿಗೂ ಮೀರಿದ ಪರಿಹಾರ ವಿಧಿಸಿತು.

ಅದು ದ್ವೇಷ, ನಾವು ಹಾಗಲ್ಲ ಅನ್ನುತ್ತೀರಿ. ಸರಿ, ದ್ವೇಷದ ಸೋಂಕೂ ಇಲ್ಲದ ಇನ್ನೊಂದು ಕೇಳಿ. 2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಪ್ರಕರಣ: 32 ವರ್ಷದ ಟ್ರಾನ್ಸ್ ಪುರುಷರೊಬ್ಬರು (ಹುಟ್ಟಿದಾಗ ಹೆಣ್ಣೆನಿಸಿ, ಗಂಡಾಗಿ ಬದುಕುವವರು) ವಿಪರೀತ ಹೊಟ್ಟೆನೋವೆಂದು ಎಮರ್ಜೆನ್ಸಿಗೆ ಬಂದರು. ತಾನು ಟ್ರಾನ್ಸ್ ಎಂದರು, ಮನೆಯಲ್ಲಿ ಮಾಡಿದ ಗರ್ಭಪರೀಕ್ಷೆ ಪಾಸಿಟಿವ್ ಎಂದೂ ಹೇಳಿದರು. ದಾಖಲೆಯಲ್ಲಿ ಮಾತ್ರ ‘ಗಂಡು’ ಎಂದಿತ್ತು. ದಪ್ಪ ಮೈಯವರು, ಬಿಪಿ ಮಾತ್ರೆ ಬಿಟ್ಟವರು, ಅಂಥ ಅವಸರವೇನಿಲ್ಲ ಎಂದು ಕೂರಿಸಿದರು. ಗಂಟೆಗಳು ಕಳೆದ ಮೇಲೆ ನೋಡಿದರೆ ಮಗುವಿಗಿಂತ ಮೊದಲೇ ಹೊಕ್ಕುಳಬಳ್ಳಿ ಕೆಳಗೆ ಜಾರಿತ್ತು. ಮಗು ಸತ್ತೇ ಹುಟ್ಟಿತು. ಅಲ್ಲಿ ಯಾರೂ ಬೈಯಲಿಲ್ಲ, ನಗಲಿಲ್ಲ. ಹೊಟ್ಟೆನೋವಿನ ಯಾವ ಗಂಡಸನ್ನಾದರೂ ಹೇಗೆ ನೋಡುತ್ತಿದ್ದರೋ ಹಾಗೇ ನೋಡಿದರು. ನಿಮ್ಮ ‘ಎಲ್ಲರೂ ಒಂದೇ’ ಎಂಬ ಮಾತಿಗೆ ನನ್ನ ತಕರಾರಿರುವುದು ಇಲ್ಲೇ.

ಈಗ ನಮ್ಮ ಚೀಟಿಗೆ ಬನ್ನಿ. ಗಂಡೋ ಹೆಣ್ಣೋ, ತಂದೆ ಅಥವಾ ಗಂಡನ ಹೆಸರೇನು, ಆಧಾರ್ ಎಲ್ಲಿ. ನನ್ನ ಪರಿಚಯದ ಟ್ರಾನ್ಸ್ ಮಹಿಳೆಯೊಬ್ಬರು ಚಳಿಜ್ವರದಲ್ಲಿ ನಡುಗುತ್ತ ಕೂತಿದ್ದಾಗ ಆಧಾರಿನ ಹಳೇ ಹೆಸರನ್ನು ಕೂಗಿದರಂತೆ. ಸೀರೆಯುಟ್ಟ ಇವರು ಎದ್ದು ನಿಂತರೆ ಬೆಂಚಿನ ತುಂಬ ಕಿಸಕಿಸ. ಡಾಕ್ಟರನ್ನು ನೋಡದೆ ಹೊರಟುಬಿಟ್ಟರು. ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಕಾಲ ತಳ್ಳಿದರು. ಆವತ್ತು ಒಳಗಿದ್ದ ಡಾಕ್ಟರೂ ನಿಮ್ಮಷ್ಟೇ ಒಳ್ಳೆಯವರಿರಬಹುದು. ಅವರವರೆಗೆ ರೋಗಿ ತಲುಪಬೇಕಲ್ಲ!

ಕಾನೂನಿಗೇನೂ ಬರವಿಲ್ಲ. ತುರ್ತು ಚಿಕಿತ್ಸೆ ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿತು. ಆಸ್ಪತ್ರೆಗಳಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ವೈದ್ಯಕೀಯ ಆರೈಕೆ ಒದಗಿಸಿ ಎಂದು ಅದೇ ಕೋರ್ಟಿನ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪು ಹೇಳಿತು. ಚಿಕಿತ್ಸೆ ನಿರಾಕರಿಸುವುದನ್ನು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆ ನಿಷೇಧಿಸಿತು. ಪ್ರಜ್ಞೆಯಿಲ್ಲದವರ ಜೊತೆ ಸಹಿ ಹಾಕುವವರಿಲ್ಲದಿದ್ದರೂ ಜೀವ ಉಳಿಸಲು ಮುಂದಾದ ವೈದ್ಯರಿಗೆ ಹಳೇ ಐಪಿಸಿಯ 92ನೇ ಕಲಂ ರಕ್ಷಣೆ ಕೊಟ್ಟಿತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 30ನೇ ಕಲಂ. ರಕ್ತಸಂಬಂಧಿಕರು ಇಲ್ಲದಾಗ ಸಲಿಂಗಿಗಳ ಸಂಗಾತಿಯೇ ಶವ ಪಡೆಯಲು ಅನುವು ಮಾಡಿ ಎಂದು 2024ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆಯಿತು. ಸತ್ತ ಮೇಲೆ ಒಯ್ಯಲು ಅಡ್ಡಿಯಿಲ್ಲವಂತೆ. ಬದುಕಿರುವಾಗ ಪಕ್ಕದಲ್ಲಿ ಕೂರಲು ‘ನೀನು ಅವನಿಗೆ ಏನಾಗಬೇಕು?’ ಎಂಬ ಸೆಕ್ಯೂರಿಟಿಯವನನ್ನು ದಾಟಬೇಕು. ಇದರಲ್ಲಿ ಒಂದು ಸಾಲಾದರೂ ನಿಮ್ಮ ಆಸ್ಪತ್ರೆಯ ಗೋಡೆಯ ಮೇಲಿದೆಯೇ? ಮಂತ್ರಿಗಳ ಫೋಟೊ ಇರುತ್ತದೆ, ಬಿಡಿ.

ನಿಮ್ಮಂತೆ ಎದುರು ನಿಂತು ಕೇಳುವ ವೈದ್ಯರು ಕಡಿಮೆ, ಅದಕ್ಕೇ ಇಷ್ಟು ಸಲಿಗೆ. ತರಬೇತಿಗೆ ಆದೇಶ ಬಂದಾಗ ಬರಲಿ. ನಾಳೆ ನೈಟ್ ಡ್ಯೂಟಿಯ ಸಿಸ್ಟರ್‌ಗೆ ಇಷ್ಟು ಹೇಳಿ: ಏನಂತ ಕರೆಯಲಿ, ಹಾರ್ಮೋನ್ ಸೇರಿ ಯಾವ ಔಷಧಿ ತಗೊಳ್ತಿದೀರಿ, ಒಳಗೆ ಯಾರು ಬರಲಿ ಎಂದು ಮೆಲ್ಲಗೆ ಕೇಳಲಿ, ಚೀಟಿ ಆಮೇಲೆ ಬರೆಯಲಿ. ಸಿಸ್ಟರ್ ಏನಂದರೆಂದು ಬರೆಯಿರಿ. ಬೈದಿದ್ದರೂ ಪ್ರಕಟಿಸುತ್ತೇವೆ.

– ಸಂ.