ಆ ತುದಿಯಲ್ಲಿ ಯಾರಾದರೂ ಇರಬೇಕು

ದಾವಣಗೆರೆಯ ಓದುಗರೊಬ್ಬರ ಪತ್ರ: "ಖಿನ್ನತೆ ಬಗ್ಗೆ ಬರೆದಾಗಲೆಲ್ಲ ‘ತಜ್ಞರನ್ನು ಕಾಣಿ’ ಅನ್ನುತ್ತೀರಿ. ನಾನು ಯಾರನ್ನೂ ಕಾಣಲಿಲ್ಲ. ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡು ಅದರ ಪಾಠಗಳನ್ನು ಮಾಡಿದೆ. ಬಿಟ್ಟಿದ್ದ ಹಾರ್ಮೋನಿಯಂ ಮತ್ತೆ ತೆಗೆದಿದ್ದೇನೆ. ಖರ್ಚಿಲ್ಲ, ಊರಿಗೆ ಗೊತ್ತಾಗುವ ಭಯವಿಲ್ಲ. ಮಧ್ಯೆ ತಜ್ಞರು ಯಾಕೆ ಬೇಕು?"

ಮೊದಲು ನಿಮ್ಮ ಹಾರ್ಮೋನಿಯಂ ಸುದ್ದಿಗೆ ಸಂತೋಷ. ಇಂಥ ಪತ್ರ ಬರೆಯೋಕೆ ಧೈರ್ಯ ಬೇಕು. ನಿಮ್ಮ ಮಾತು ಪೂರ್ತಿ ತಪ್ಪೂ ಅಲ್ಲ. ಯೋಚನೆ, ಅಭ್ಯಾಸಗಳನ್ನು ತಿದ್ದಿಕೊಳ್ಳಲು ಕಲಿಸುವ ಇಂಥ ಇಂಟರ್ನೆಟ್ ಪಾಠಗಳ ಬಗ್ಗೆ ನಡೆದ 39 ಅಧ್ಯಯನಗಳನ್ನು 2021ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ಖಿನ್ನತೆ ಕಡಿಮೆ ಮಟ್ಟದಲ್ಲಿದ್ದವರಿಗೆ ತಾವೇ ಪಾಠ ಮಾಡಿಕೊಂಡರೂ, ಒಬ್ಬರು ಜೊತೆಗಿದ್ದು ಮಾಡಿಸಿದಾಗ ಆಗುವಷ್ಟೇ ಗುಣ ಹೆಚ್ಚುಕಡಿಮೆ ಕಂಡಿತ್ತು.

ಆದರೆ ಖಿನ್ನತೆ ಅದಕ್ಕಿಂತ ಜಾಸ್ತಿ ಇದ್ದವರಿಗೆ? ಅವರಿಗೆ ಜೊತೆಯಲ್ಲಿ ಒಬ್ಬರು ಇದ್ದಾಗಲೇ ಹೆಚ್ಚು ಪ್ರಯೋಜನವಾಗಿತ್ತು. ನೀವು ದಡ ಸೇರಿದ್ದೀರಿ, ಸರಿ. ಹಾಗಂತ ಎಲ್ಲರಿಗೂ ದೋಣಿ ಬೇಡ ಅನ್ನಬಹುದಾ?

ಬ್ರಿಟನ್‌ನಲ್ಲಿ 691 ಜನರ ಮೇಲೆ ಒಂದು ಪರೀಕ್ಷೆ ನಡೆದಿತ್ತು, ಫಲಿತಾಂಶ ಬಂದದ್ದು 2015ರಲ್ಲಿ. ಕೆಲವರಿಗೆ ಮಾಮೂಲಿ ವೈದ್ಯರ ಆರೈಕೆ ಮಾತ್ರ, ಉಳಿದವರಿಗೆ ಅದರ ಜೊತೆ ಕಂಪ್ಯೂಟರ್ ಪಾಠ. ‘ಪಾಠ ಮಾಡಿ’ ಅಂತ ಹುರಿದುಂಬಿಸುವ ಫೋನೂ ಬರುತ್ತಿತ್ತು. ಆದರೂ ನಾಲ್ಕು ತಿಂಗಳಾದ ಮೇಲೆ ಎರಡೂ ಕಡೆಯವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಷ್ಟೋ ಜನ ಒಂದೆರಡು ಪಾಠಕ್ಕೇ ನಿಲ್ಲಿಸಿದ್ದರು. ಅದರಲ್ಲಿ ಅಚ್ಚರಿ ಏನಿದೆ? ಹಾಸಿಗೆಯಿಂದ ಏಳೋಕೇ ಆಗದ ಕಾಯಿಲೆ ಇದು. ಅಂಥವರ ಕೈಗೆ ಹೋಮ್‌ವರ್ಕ್ ಕೊಟ್ಟು ಬಾಗಿಲು ಹಾಕಿಕೊಂಡು ಹೋದರೆ ಹೇಗೆ? ಮುಂದೆ ಅದೇ ತಂಡ, ತರಬೇತಿ ಪಡೆದವರು ಫೋನಿನಲ್ಲಿ ಜೊತೆಗೂಡಿ ಪಾಠ ಮಾಡಿಸುವ ಹಾಗೆ ಮಾಡಿತು. ಆಗ ನಾಲ್ಕು ತಿಂಗಳ ಹೊತ್ತಿಗೆ ಹಾಗೆ ಪಾಠ ಮಾಡಿದವರ ಸ್ಥಿತಿ, ಅಂಥ ಜೊತೆ ಇಲ್ಲದವರಿಗಿಂತ ಉತ್ತಮವಾಗಿತ್ತು.

ನಮ್ಮ ದೊಡ್ಡಮ್ಮನ ಮಗನ ಕಥೆ ಹೇಳುತ್ತೇನೆ. ಅಂಗಡಿ ಮುಚ್ಚಿ ಮೂಲೆ ಹಿಡಿದಿದ್ದ. ಆ್ಯಪ್ ಹಾಕಿಕೊಟ್ಟವನು ನಾನೇ. ಮೂರನೇ ಪಾಠಕ್ಕೆ ಬಿಟ್ಟ. ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡುವ ಆಪ್ತ ಸಮಾಲೋಚಕಿ ಒಬ್ಬರು ಸಿಕ್ಕರು. ಹತ್ತು ನಿಮಿಷದ ಮಾತು, ಅಷ್ಟೇ. "ಬೆಳಗ್ಗೆ ಕೆರೆ ಏರಿ ಮೇಲೆ ನಡೀತೀನಿ ಅಂದಿದ್ರಲ್ಲ ಅಣ್ಣಾ, ಹೋದ್ರಾ?" ಅಂತ ಕೇಳುತ್ತಿದ್ದರು. ಅವರು ಕೇಳುತ್ತಾರೆ ಅಂತಲೇ ಇವನು ಬುಧವಾರ ಚಪ್ಪಲಿ ಮೆಟ್ಟುತ್ತಿದ್ದ. ಒಂದು ವಾರ ಇವನ ದನಿ ಕೇಳಿಯೇ ಅವರಿಗೆ ಅನುಮಾನ ಬಂತು. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದರು. ಖಿನ್ನತೆ ಎಷ್ಟಿದೆ ಅಂತ ಅಳೆಯುವ ಆ್ಯಪ್‌ನ ಒಂಬತ್ತು ಪ್ರಶ್ನೆಗಳಿಗೆ ಮಾತ್ರ ಅವನು ‘ಪರವಾಗಿಲ್ಲ’ ಅಂತಲೇ ಒತ್ತಿದ್ದ.

ತಜ್ಞರು ಅಂದ ಕೂಡಲೇ ದುಬಾರಿ ಫೀಸಿನ ಡಾಕ್ಟರನ್ನೇ ನೆನೆಯಬೇಡಿ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ, ಇಂಟರ್ನೆಟ್ ಪಾಠ ಮಾಡುತ್ತಿದ್ದ ಒಂದು ಗುಂಪಿಗೆ ತರಬೇತಿ ಇದ್ದ ಚಿಕಿತ್ಸಕರು ಜೊತೆಯಾದರು, ಇನ್ನೊಂದಕ್ಕೆ ತಜ್ಞರ ಮೇಲ್ವಿಚಾರಣೆಯಲ್ಲಿ ಒಬ್ಬ ಸಾಮಾನ್ಯ ಸಹಾಯಕರು. ಗುಣ ಸರಿಸಮ. ಇಡೀ ಚಿಕಿತ್ಸೆಯಲ್ಲಿ ಒಬ್ಬರಿಗಾಗಿ ಜೊತೆಗಾರರು ಕೊಟ್ಟ ಸಮಯ ಸುಮಾರು ಒಂದು ಗಂಟೆ. ಒಂದೇ ಒಂದು ಗಂಟೆ! ಅಷ್ಟನ್ನೂ ಉಳಿಸಿ ನಾವೇನು ಮಾಡಬೇಕಾಗಿದೆ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಎಲ್ಲ ಕಡೆಯೂ ಮನುಷ್ಯರನ್ನು ತೆಗೆದುಹಾಕುತ್ತಿದ್ದಾರೆ. ಬ್ಯಾಂಕಿಗೆ ಫೋನ್ ಮಾಡಿದರೆ ಒಂದು ಒತ್ತಿ, ಕರೆಂಟ್ ಹೋದರೆ ಎರಡು ಒತ್ತಿ. ಪಿಂಚಣಿ ನಿಂತ ಅಜ್ಜಿಗೆ ಕಂಪ್ಯೂಟರ್ ತೋರಿಸ್ತಾರೆ. ದುಡ್ಡಿದ್ದವರಿಗೆ ಮಾತ್ರ ಮಾತಾಡಲು ಮನುಷ್ಯರು, ಉಳಿದವರಿಗೆ ರೆಕಾರ್ಡ್ ಮಾಡಿದ ದನಿ. ಮನಸ್ಸಿನ ಕಾಯಿಲೆಗೂ ಇದೇ ಗತಿಯಾದರೆ ಸುಮ್ನೆ ಇರೋಕಾಗುತ್ತಾ? ನಮ್ಮ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರ ಕೈಗೆ ಬರೀ ಆ್ಯಪ್ ಕೊಟ್ಟು ಲೆಕ್ಕ ಮುಗಿಸಬಾರದು. 2022ರ ಅಕ್ಟೋಬರ್‌ನಲ್ಲಿ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಶುರುವಾದಾಗ ನನಗೆ ಸಮಾಧಾನವಾದದ್ದು ಇದಕ್ಕೇ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ, ಒಬ್ಬ ಸಮಾಲೋಚಕರು ಮಾತಾಡುತ್ತಾರೆ. ಹೆಸರು ಊರಿಗೆ ಗೊತ್ತಾಗುವುದಿಲ್ಲ. ನಿಮ್ಮ ಆ್ಯಪ್ ಬಿಡಬೇಡಿ, ಈ ನಂಬರನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಅಂದಹಾಗೆ, ಹಾರ್ಮೋನಿಯಂ ತೆಗೆದೆ ಅಂದಿರಲ್ಲ, ಈ ವಾರವೂ ನುಡಿಸಿದಿರಾ? ಮುಂದಿನ ಪತ್ರದಲ್ಲಿ ಮರೆಯದೆ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ