ಇವತ್ತು ಎಷ್ಟು ಸೆಂಟು ಮಳೆ?

ಪ್ರಶ್ನೆ: ಅಕ್ಕಾ, ನಮ್ಮೂರು ಸಕಲೇಶಪುರದ ಹತ್ತಿರ. ಹನ್ನೊಂದು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಪ್ರತಿ ಭಾನುವಾರ ಅಪ್ಪನಿಗೆ ಫೋನ್ ಮಾಡುತ್ತೇನೆ. "ಊಟ ಆಯ್ತಾ, ಹುಷಾರಾಗಿದ್ದೀರಾ, ಮಳೆ ಹೆಂಗಿದೆ" ಅನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಮಗನಿಗೆ ಒಂಬತ್ತು ವರ್ಷ. ಕನ್ನಡ ಅರ್ಥ ಆಗುತ್ತೆ, ಉತ್ತರ ಕೊಡೋದು ಜರ್ಮನ್‌ನಲ್ಲಿ. ತಾತನ ಫೋನ್ ಅಂದರೆ ರೂಮಿಗೆ ಓಡುತ್ತಾನೆ. ಇಲ್ಲಿನ ಕನ್ನಡದವರ ಜೊತೆ ಯುಗಾದಿ, ರಾಜ್ಯೋತ್ಸವ ಎಲ್ಲ ಮಾಡುತ್ತೇವೆ. ಆದರೂ ಊರು ಕೈತಪ್ಪುತ್ತಿದೆ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: "ಮಳೆ ಹೆಂಗಿದೆ" ಅಂತ ಕೇಳ್ತೀರಲ್ಲ, ಅದನ್ನೇ ಇನ್ನು ಮೇಲೆ "ಅಪ್ಪಾ, ಇವತ್ತು ಎಷ್ಟು ಸೆಂಟು?" ಅಂತ ಕೇಳಿ ನೋಡಿ.

ತೋಟದವರಿಗೆ ಇದು ಗೊತ್ತು, ಬಯಲುಸೀಮೆಯ ಓದುಗರಿಗಾಗಿ ಹೇಳ್ತೀನಿ. ನಮ್ಮ ಕಡೆ ಕಾಫಿ ತೋಟದ ಎಷ್ಟೋ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಗ್ಗೆ ಎದ್ದು ಅದರ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೆಯುತ್ತಾರೆ. ಇಂಚಿಗೆ ನೂರು ಸೆಂಟು. ಮಿಲಿಮೀಟರ್ ಬಂದು ಎಷ್ಟು ಕಾಲ ಆಯಿತು, ನಮ್ಮ ಹಿರಿಯರು ಇನ್ನೂ ಇಂಚು, ಸೆಂಟು ಬಿಟ್ಟಿಲ್ಲ.

ನನ್ನ ತಮ್ಮನೂ ಹೊರದೇಶದಲ್ಲಿದ್ದಾನೆ. ಅಪ್ಪ ಹೋದ ಮೇಲೆ ಆ ಡಬ್ಬ ಅಮ್ಮನ ಪಾಲಿಗೆ ಬಂತು. ಒಂದು ಮಳೆಗಾಲ ತಮ್ಮ, "ಅಮ್ಮಾ, ಲೆಕ್ಕ ನಾನು ಬರೆದಿಡ್ತೀನಿ, ನೀನು ದಿನಾ ಕಳಿಸು" ಅಂದ. ಅಲ್ಲಿಂದ ಶುರು ನೋಡಿ. ವಾಟ್ಸ್ಯಾಪ್‌ನಲ್ಲಿ ಅಮ್ಮನ ಧ್ವನಿ: "ಎಪ್ಪತ್ತೆರಡು ಸೆಂಟು ಕಣೋ. ರಾತ್ರಿ ಗಾಳಿಗೆ ಗದ್ದೆ ಹತ್ರದ ಸಿಲ್ವರ್ ಮರ ಮುರಿದು ನಾಲ್ಕು ಗಿಡದ ಮೇಲೆ ಬಿದ್ದಿದೆ. ಕರೆಂಟಿಲ್ಲ." ಅವನು ಮರದ ಬಗ್ಗೆ ಕೇಳುತ್ತಾನೆ, ಮರದಿಂದ ಆಳಿನ ವಿಷಯ ಬರುತ್ತದೆ, ಆಳಿನಿಂದ ಅವರ ಮಗಳ ಮದುವೆ ಬರುತ್ತದೆ, ಹೀಗೆ ಊರೆಲ್ಲ ಸುತ್ತಿ ಬರುತ್ತಾರೆ. ಒಂದು ಸಲ ಎರಡು ದಿನ ಲೆಕ್ಕ ಹೋಗಲಿಲ್ಲ. ಅವನು ಅಲ್ಲಿಂದಲೇ ಪಕ್ಕದ ಮನೆಯವರಿಗೆ ಫೋನ್ ಮಾಡಿದ. ಅಮ್ಮ ಜ್ವರದಲ್ಲಿ ಮಲಗಿದ್ದರು, ಬರೀ ಐವತ್ತು ಕಿಲೋಮೀಟರ್ ದೂರದಲ್ಲಿರುವ ನನಗೇ ಗೊತ್ತಿರಲಿಲ್ಲ.

ಹಬ್ಬ ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಮಾಡಿ. ಆದರೆ ಆ ಹಬ್ಬಕ್ಕೆ ಊರಲ್ಲಿ ನಿಮ್ಮ ದಾರಿ ಕಾಯುವವರು ಯಾರೂ ಇರುವುದಿಲ್ಲ. ಸೆಂಟಿನ ಲೆಕ್ಕಕ್ಕೆ ಅಪ್ಪ ಕಾಯುತ್ತಾರೆ. ನಿಮ್ಮದು ಅಂತ ಮನೆಯಲ್ಲಿ ಒಂದು ಕೆಲಸ ಇರಬೇಕು, ಅಷ್ಟೇ ನಾನು ಹೇಳೋದು.

ಆ ಕೆಲಸವನ್ನು ಮಗನ ಕೈಗೇ ಕೊಡಿ. ಒಂದು ನೋಟ್‌ಬುಕ್ ತೆಗೆದುಕೊಡಿ. ಇಲ್ಲಿ ಬೆಳಗ್ಗೆ ಎಂಟು ಅಂದರೆ ನಿಮಗೆ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಮೂರೂವರೆ, ಹಾಗಾಗಿ ತಾತ ಧ್ವನಿ ಕಳಿಸಿರಲಿ, ಅವನು ಎದ್ದು ಕೇಳಿ ಬರೆಯಲಿ. ಜರ್ಮನ್‌ನಲ್ಲಿ ಎಪ್ಪತ್ತೆರಡನ್ನು "ಎರಡು ಮತ್ತು ಎಪ್ಪತ್ತು" ಅಂತ ತಿರುಗಿಸಿ ಹೇಳುತ್ತಾರಲ್ವಾ? ಮೊದಮೊದಲು ಅವನು ಇಪ್ಪತ್ತೇಳು ಅಂತ ಬರೆದರೂ ಬರೆದಾನು. ತಾತ ತಿದ್ದಲಿ, ನೀವು ಮಧ್ಯೆ ಹೋಗಬೇಡಿ. ಅವರಿಬ್ಬರಿಗೆ ಮಾತಾಡಲು ಅಷ್ಟು ಸಾಕು.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ತಾತ ಹೇಗೆ ಕಾಯುತ್ತಾರೆ ಅಂತ ಅವನಿಗೇ ಗೊತ್ತಾಗುತ್ತದೆ. ಒಂದಿಂಚು ಚೆನ್ನಾಗಿ ಬಿದ್ದರೆ, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಊರೆಲ್ಲ ಮಲ್ಲಿಗೆ ತರಹದ ಘಮ. ನಿಮ್ಮಲ್ಲಿ ಈಸ್ಟರ್ ರಜೆ ಬರೋದೂ ಅದೇ ಹೊತ್ತಿಗೆ. ಒಂದು ವರ್ಷವಾದರೂ ಆ ರಜೆಗೆ ಟಿಕೆಟ್ ಮಾಡಿ. ಹೂವು ನಿಲ್ಲೋದು ಮೂರು ನಾಲ್ಕು ದಿನ, ಸಿಕ್ಕರೆ ಸಿಕ್ಕಿತು. ಸಿಗದಿದ್ದರೂ ಅವನು ಕಾಯುವುದನ್ನು ಕಲಿತಿರುತ್ತಾನೆ.

ಪ್ರಶ್ನೆ: ಮೇಡಂ, ಮೂಡಿಗೆರೆ ತಾಲೂಕಿನಲ್ಲಿ ನನ್ನದು ಆರು ಎಕರೆ ಕಾಫಿ. ಒಬ್ಬಳೇ ಮಗಳು, ಈ ವರ್ಷ ಕೆನಡಾದ ಪೌರತ್ವ ತೆಗೆದುಕೊಳ್ಳುತ್ತಾಳೆ. ಈಗಲೇ ದಾನಪತ್ರ ಮಾಡಿಬಿಡಿ, ಆಮೇಲೆ ಅವಳಿಗೆ ತೋಟ ಸಿಗಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ಉತ್ತರ: ಅವಸರ ಮಾಡಬೇಡಿ ಸರ್. ಹೊರಗೆ ನೆಲೆಸಿದವರು, ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇರಲಿ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇರಲಿ, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ದಾನವಾಗಿಯೂ ಪಡೆಯುವ ಹಾಗಿಲ್ಲ. ಅಂದರೆ ಈಗ ದಾನಪತ್ರ ಮಾಡುವುದೇ ತಪ್ಪು ದಾರಿ. ಆದರೆ ಪಿತ್ರಾರ್ಜಿತವಾಗಿ ಅಥವಾ ಉಯಿಲಿನಿಂದ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗಾಗಿ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಮುಂದೆ ಅವಳು ತೋಟ ಮಾರುವುದಾದರೆ ಇಲ್ಲೇ ವಾಸವಿರುವ ಭಾರತೀಯರಿಗೇ ಮಾರಬೇಕು.

ಇನ್ನೊಂದು ವಿಷಯ. ಪಹಣಿ ತೆಗೆಸಿ ನೋಡಿ. ಎಷ್ಟೋ ಮನೆಗಳಲ್ಲಿ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಹಾಗಿದ್ದರೆ ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವ ಕೆಲಸ, ನೀವಿರುವಾಗಲೇ ಮುಗಿಸಿ. ಎಲ್ಲೋ ಇರುವ ಮಗಳು ಎರಡು ವಾರದ ರಜೆಯಲ್ಲಿ ಬಂದು ತಾಲೂಕು ಆಫೀಸು ಸುತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಬೇಡ ಆ ಕಷ್ಟ.

ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಕೆನಡಾದ್ದು ಬಂದ ಮೇಲೆ ಅವಳು ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಬೇಕು, ಮತದ ಹಕ್ಕೂ ಹೋಗುತ್ತದೆ. ಓಸಿಐ ಕಾರ್ಡಿಗೆ ಕೂಡಲೇ ಅರ್ಜಿ ಹಾಕಲಿ, ಆಮೇಲೆ ವೀಸಾ ಇಲ್ಲದೆ ನಿಮ್ಮನ್ನು ನೋಡಲು ಬರಬಹುದು.

ಪ್ರಶ್ನೆ: ಮೊಮ್ಮಗಳು ಮೊದಲ ಸಲ ಜುಲೈನಲ್ಲಿ ಬರ್ತಾಳಂತೆ. ಕೊಪ್ಪದ ಮಳೆ ನಿಮಗೆ ಗೊತ್ತಲ್ಲ. ಡಿಸೆಂಬರ್‌ಗೆ ಬಾ ಅಂತ ಹೇಳಲಾ?

ಉತ್ತರ: ದಯವಿಟ್ಟು ಹೇಳಬೇಡಿ ಅಮ್ಮಾ. ಬರಲಿ, ನೆನೆಯಲಿ. ರಕ್ತ ಹೀರುವ ಇಂಬಳ (ಜಿಗಣೆ) ಹತ್ತಿದರೆ ಉಪ್ಪು ಹಾಕಿದರಾಯಿತು. ಆ ಹೊತ್ತಿಗೆ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಬಂದಿರುತ್ತದೆ. ಹೆಚ್ಚಿದ್ದನ್ನು ಮೂರು ದಿನ ನೆನೆಸಿ ದಿನಾ ನೀರು ಬದಲಾಯಿಸಬೇಕಲ್ಲ, ಆ ನೀರು ಚೆಲ್ಲಿ ಹೊಸ ನೀರು ಹಾಕುವ ಕೆಲಸ ಅವಳಿಗೇ ಬಿಡಿ. ನಾಲ್ಕನೇ ದಿನ ಪಲ್ಯ ಮಾಡಿ, ಅಕ್ಕಿರೊಟ್ಟಿ ಜೊತೆ ಮೊದಲು ಅವಳ ತಟ್ಟೆಗೆ ಹಾಕಿ.